ಏರಿನಲ್ಲಿ ಸೋಲುವ ಡೀಸೆಲ್ ಗಾಡಿ: ದೋಷವನ್ನು ಟ್ಯಾಂಕಿನಿಂದ ಹುಡುಕಿರಿ



ಕಳೆದ ಕೊಯ್ಲಿನ ಕಾಲದಲ್ಲಿ ಸಂಘದ ಹಳೆಯ ಡೀಸೆಲ್ ಜೀಪು 16 ದಿನ ಗ್ಯಾರೇಜಿನಲ್ಲಿ ನಿಂತದ್ದು ನಿಮ್ಮಲ್ಲಿ ಹಲವರಿಗೆ ತಿಳಿದೇ ಇದೆ. ಅದರ ರಿಪೇರಿಗೆ 22,000 ರೂಪಾಯಿ ಖರ್ಚಾಯಿತು. ಅದು ನಿಮ್ಮ ಹಣ. ಆ ಖರ್ಚು ಆಗಬೇಕಾಗಿಯೇ ಇರಲಿಲ್ಲವೆಂದು ಸರ್ವಸದಸ್ಯರ ಸಭೆಯಲ್ಲಿ ನಾವು ಒಪ್ಪಿಕೊಂಡೆವು. ಒಪ್ಪಿಕೊಂಡರಷ್ಟೇ ಸಾಲದು, ಅದರಿಂದ ಕಲಿತದ್ದನ್ನು ಎಲ್ಲರಿಗೂ ತಿಳಿಸಬೇಕೆಂದು ಈ ಲೇಖನ ಬರೆಯುತ್ತಿದ್ದೇವೆ.

ಆದದ್ದು ಹೀಗೆ. ಟ್ರೇಲರಿನಲ್ಲಿ ಕಾಫಿ ಹಣ್ಣಿನ ಮೂಟೆ ಹೇರಿಕೊಂಡು ಏರು ಹತ್ತುತ್ತಿದ್ದ ಜೀಪು ಅರ್ಧ ದಾರಿಯಲ್ಲಿ ಎಳೆತ ಕಳೆದುಕೊಂಡಿತು. ಡ್ರೈವರ್ ಒಂದನೇ ಗೇರಿಗೆ ಇಳಿಸಿದರೂ ಇಂಜಿನ್ ಸೊರಗಿ ಆಫ್ ಆಯಿತು. ಗಾಡಿ ನಾಲ್ಕು ಮಾರು ಹಿಂದಕ್ಕೆ ಜಾರಿತು. ಕೂಲಿಯಾಳೊಬ್ಬರು ಚಕ್ರಕ್ಕೆ ಕಲ್ಲು ಕೊಟ್ಟದ್ದರಿಂದ ಅನಾಹುತ ತಪ್ಪಿತು. ಹತ್ತು ನಿಮಿಷ ನಿಲ್ಲಿಸಿ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡಿತು. ಅರ್ಧ ಮೈಲಿ ಹೋಗಿ ಮತ್ತೆ ನಿಂತಿತು. ಹಣ್ಣು ಪಲ್ಪರ್ ಸೇರಿದಾಗ ರಾತ್ರಿ ಹತ್ತು ಗಂಟೆ. ಮೂಟೆಯೊಳಗೇ ಬಿಸಿಯೇರಿ ಹುಳಿವಾಸನೆ ಹಿಡಿದಿತ್ತು.

ಮರುದಿನ ನಾವು ಗಡಿಬಿಡಿಯಲ್ಲಿ ಪಂಪು ಬಿಚ್ಚಿಸಿ ಪಟ್ಟಣಕ್ಕೆ ಕಳಿಸಿದೆವು. ಪಂಪು, ನಾಝಲ್ ಎರಡೂ ಹೊಸದರಂತಾಗಿ ಬಂದವು. ಅದೇ ಏರಿನಲ್ಲಿ ಜೀಪು ಮತ್ತೆ ನಿಂತಿತು! ಆಗ ಜೊತೆಯಲ್ಲಿದ್ದ ಸದಸ್ಯರೊಬ್ಬರ ಹಳೆಯ ಡ್ರೈವರ್, "ಸಾರ್, ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ್ರಾ?" ಎಂದರು. ಮುಚ್ಚಳ ಸಡಿಲಿಸಿದೊಡನೆ ಭುಸ್ ಎಂದು ಗಾಳಿ ಒಳಕ್ಕೆ ನುಗ್ಗಿತು. ಅಲ್ಲಿಂದ ಮುಂದೆ ಜೀಪು ಎಲ್ಲಿಯೂ ನಿಲ್ಲಲಿಲ್ಲ. ಮಳೆಗಾಲದಲ್ಲಿ ಶೆಡ್ಡಿನಲ್ಲಿ ನಿಂತಿದ್ದಾಗ ಟ್ಯಾಂಕಿನ ಬ್ರೀದರ್ ಪೈಪಿನ ಬಾಯಿಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಒಂದು ತುಂಡು ತಂತಿಯಿಂದ ಆಗುವ ಕೆಲಸಕ್ಕೆ ನಾವು 22,000 ರೂಪಾಯಿ ಕೊಟ್ಟಿದ್ದೆವು.

ಡೀಸೆಲ್ ಹೋಗುವ ದಾರಿ

ಹಳೆಯ ಜೀಪುಗಳಲ್ಲಿ ಡೀಸೆಲ್ ಟ್ಯಾಂಕಿನ ಜಾಲರಿಯಿಂದ ಹೊರಟು ಪೈಪಿನ ಮೂಲಕ ಫೀಡ್ ಪಂಪಿಗೆ, ಅಲ್ಲಿಂದ ಫಿಲ್ಟರಿಗೆ, ಆಮೇಲೆ ದೊಡ್ಡ ಪಂಪಿಗೆ, ಕೊನೆಗೆ ನಾಝಲಿಗೆ ಬರುತ್ತದೆ. ಬೆಂಗಳೂರಿನ ಮೈಕೋ ಕಾರ್ಖಾನೆಯ ಹೆಸರನ್ನೇ ಇಟ್ಟು ನಮ್ಮ ಹಳೆಯ ಮೆಕ್ಯಾನಿಕರು ಈ ದೊಡ್ಡ ಪಂಪನ್ನು 'ಮೈಕೋ ಪಂಪು' ಎನ್ನುವುದುಂಟು. ಇದರ ಒಳಗಿನ ಭಾಗಗಳ ನಡುವಣ ಸಂದು ಕೆಲವೇ ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಪಾಲು ಕಡಿಮೆ. ಆದುದರಿಂದ ಅದನ್ನು ಬಿಚ್ಚುವುದು ಎಲ್ಲಕ್ಕಿಂತ ಕಡೆಯ ಕೆಲಸವಾಗಬೇಕು.

ಈ ದಾರಿಯಲ್ಲಿ ಎರಡು ಭಾಗಗಳಿವೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲನ್ನು ಎಳೆಯಲಾಗುತ್ತದೆ. ಅಲ್ಲಿಂದ ಮುಂದೆ ತಳ್ಳಲಾಗುತ್ತದೆ. ತಳ್ಳುವ ಭಾಗದಲ್ಲಿ ಸೋರಿದರೆ ಡೀಸೆಲ್ ಹೊರಗೆ ತೊಟ್ಟಿಕ್ಕಿ ಕಣ್ಣಿಗೆ ಕಾಣುತ್ತದೆ. ಎಳೆಯುವ ಭಾಗದಲ್ಲಿ ಪೈಪು ಸೀಳಿದ್ದರೆ ಅಥವಾ ವಾಷರ್ ಸವೆದಿದ್ದರೆ ಹೊರಗೆ ಒಂದು ಹನಿಯೂ ಕಾಣದಿರಬಹುದು. ಗಾಳಿ ಒಳಕ್ಕೆ ಹೋಗುತ್ತಿರುತ್ತದೆ. 'ಎಲ್ಲಿಯೂ ಸೋರುತ್ತಿಲ್ಲ' ಎಂಬ ಮಾತನ್ನು ನಂಬಿ ನಾವು ಕೆಡುವುದು ಇಲ್ಲಿಯೇ.

ಇನ್ನು, ಸಪಾಟು ರಸ್ತೆಯಲ್ಲಿ ಚೆನ್ನಾಗಿ ಓಡುವ ಗಾಡಿ ಏರಿನಲ್ಲೇ ಏಕೆ ಸೋಲುತ್ತದೆ? ಇಂಜಿನ್ ಸುಮ್ಮನೆ ತಿರುಗಲು ಬೇಕಾದ ಡೀಸೆಲ್ ಅತ್ಯಲ್ಪ. ಭಾರ ಎಳೆಯುವಾಗ ಅದರ ಹಲವು ಪಟ್ಟು ಬೇಕು. ಅರ್ಧ ಕಟ್ಟಿಕೊಂಡ ದಾರಿ ಅಲ್ಪಕ್ಕೆ ಸಾಕಾಗುತ್ತದೆ, ಹೆಚ್ಚಿಗೆ ಸಾಲದು.

ಮೊದಲು ಹೊಗೆ ನೋಡಿ

ಎಳೆತ ಕಡಿಮೆಯಾದಾಗ ಕಪ್ಪು ಹೊಗೆ ದಟ್ಟವಾಗಿ ಬಂದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲವೆಂದು ತಿಳಿಯಬೇಕು. ಮೊದಲು ಏರ್ ಫಿಲ್ಟರ್ ನೋಡಿ. ಟರ್ಬೊ ಇರುವ ಗಾಡಿಯಾದರೆ ಅದರ ರಬ್ಬರ್ ಪೈಪು ಕಳಚಿದೆಯೇ ನೋಡಿ. ಹೊಗೆಯೇ ಇಲ್ಲದೆ ಇಂಜಿನ್ ಸೊರಗಿದರೆ ಡೀಸೆಲ್ ಸಾಲುತ್ತಿಲ್ಲವೆಂಬ ಅನುಮಾನ ಬಲವಾಗುತ್ತದೆ. ಆಗ ಕೆಳಗಿನ ಕ್ರಮ ಅನುಸರಿಸಿ. ಒಂದು ಸಲಕ್ಕೆ ಒಂದೇ ಕೆಲಸ ಮಾಡಿ, ಅದೇ ಏರಿನಲ್ಲಿ ಓಡಿಸಿ ನೋಡಿ. ನಾಲ್ಕನ್ನು ಒಟ್ಟಿಗೆ ಮಾಡಿದರೆ ದೋಷ ಯಾವುದೆಂದು ಎಂದಿಗೂ ತಿಳಿಯದು.

1. ಗಾಡಿ ಸೊರಗಿದೊಡನೆ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಗಾಳಿ ಒಳಕ್ಕೆ ನುಗ್ಗುವ ಸದ್ದು ಬಂದು, ಆಮೇಲೆ ಗಾಡಿ ಸರಿಯಾಗಿ ಎಳೆದರೆ ಬ್ರೀದರ್ ಕಟ್ಟಿದೆ.

2. ಸದ್ದಿಲ್ಲ, ಆದರೂ ಸ್ವಲ್ಪ ಹೊತ್ತು ನಿಲ್ಲಿಸಿದರೆ ಸರಿಹೋಗುತ್ತದೆ ಎಂದಾದರೆ ಟ್ಯಾಂಕಿನ ತಳದ ಕಸ ಜಾಲರಿಗೆ ಅಂಟಿಕೊಳ್ಳುತ್ತಿರಬಹುದು. ಎಳೆತ ನಿಂತಾಗ ಕಸ ಬಿಟ್ಟುಕೊಳ್ಳುತ್ತದೆ, ಓಡಿಸಿದಾಗ ಮತ್ತೆ ಅಂಟುತ್ತದೆ. ಟ್ಯಾಂಕು ಇಳಿಸಿ ತೊಳೆಯಬೇಕು.

3. ಫಿಲ್ಟರಿನ ತಳದ ನೀರನ್ನು ಗಾಜಿನ ಲೋಟಕ್ಕೆ ಇಳಿಸಿ ನೋಡಿ. ನೀರು ಅಡಿಗೆ ನಿಲ್ಲುತ್ತದೆ. ಕಪ್ಪು ಲೋಳೆ ಕಂಡರೆ ನೀರಿನ ಜೊತೆ ಸೂಕ್ಷ್ಮಜೀವಿಯೂ ಬೆಳೆದಿರಬಹುದು. ಫಿಲ್ಟರ್ ಹಳೆಯದಾಗಿದ್ದರೆ ಬದಲಿಸಿ.

4. ಫೀಡ್ ಪಂಪಿನ ಮೊದಲು ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪನ್ನು ಹಾಕಿಸಿ. ಗುಳ್ಳೆಗಳು ಹಾಯುತ್ತಿದ್ದರೆ ಹಿಂದೆ ಎಲ್ಲಿಯೋ ಗಾಳಿ ಸೇರುತ್ತಿದೆ. ಹಳೆಯ ರಬ್ಬರ್ ಪೈಪು ಹೊರಗೆ ಚೆನ್ನಾಗಿದ್ದು ಒಳಗೆ ಉಬ್ಬಿ ದಾರಿ ಮುಚ್ಚುವುದೂ ಉಂಟು.

5. ಇಷ್ಟೆಲ್ಲ ಸರಿಯಿದ್ದೂ ಗಾಡಿ ಎಳೆಯದಿದ್ದರೆ ಮಾತ್ರ ಫೀಡ್ ಪಂಪು, ಅದಾದ ಮೇಲೆ ದೊಡ್ಡ ಪಂಪು ಮತ್ತು ನಾಝಲ್.

ಫಿಲ್ಟರ್ ಅಥವಾ ಪೈಪು ಬಿಚ್ಚಿದ ಮೇಲೆ ಹಳೆಯ ಗಾಡಿಗಳಲ್ಲಿ ಗಾಳಿ ತೆಗೆಯುವುದನ್ನು ಮರೆಯಬೇಡಿ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕೈಪಂಪು ಒತ್ತಬೇಕು.

ಹೊಸ ಗಾಡಿಗಳ ವಿಷಯ ಬೇರೆ

ಈಗಿನ ಪಿಕ್‌ಅಪ್‌ಗಳಲ್ಲಿ ಕಾಮನ್ ರೈಲ್ ವ್ಯವಸ್ಥೆಯಿದೆ. ಅದರ ಒತ್ತಡ 1,000 ಬಾರ್‌ಗೂ ಮೀರುತ್ತದೆ. ಇಂಜಿನ್ ಓಡುವಾಗ ಪೈಪು ಸಡಿಲಿಸಿದರೆ ಡೀಸೆಲ್ ಸೂಜಿಯಂತೆ ಚರ್ಮ ಸೀಳಿ ಒಳಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಒತ್ತಡ ತಪ್ಪಿದರೆ ಕಂಪ್ಯೂಟರೇ ಇಂಜಿನ್ನಿನ ಶಕ್ತಿಯನ್ನು ಇಳಿಸಿ ಎಚ್ಚರಿಕೆಯ ದೀಪ ಹಚ್ಚುತ್ತದೆ. ಸ್ಕ್ಯಾನರ್ ಇಲ್ಲದೆ ಕೈಹಾಕಬಾರದು. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್.-6 ಡೀಸೆಲ್ ಗಾಡಿಗಳಲ್ಲಿ ಹೊಗೆಕೊಳವೆಯ ಮಸಿ ಫಿಲ್ಟರ್ ಕಟ್ಟಿದರೂ ಎಳೆತ ಹೋಗುತ್ತದೆ. ಆದರೂ ನೀರು ಇಳಿಸುವುದು, ಫಿಲ್ಟರನ್ನು ಕಾಲಕ್ಕೆ ಸರಿಯಾಗಿ ಬದಲಿಸುವುದು ಇವಕ್ಕೂ ತಪ್ಪಿದ್ದಲ್ಲ.

ತೋಟದ ಬ್ಯಾರೆಲ್

ಎಷ್ಟೋ ದೋಷಗಳ ಮೂಲ ನಮ್ಮ ಶೆಡ್ಡಿನ ಬ್ಯಾರೆಲಿನಲ್ಲೇ ಇದೆ. ಬ್ಯಾರೆಲನ್ನು ಮಳೆಗೆ ನೆಟ್ಟಗೆ ನಿಲ್ಲಿಸಿದರೆ ತಲೆಯ ಮೇಲೆ ನೀರು ನಿಲ್ಲುತ್ತದೆ. ಹಗಲು ಬಿಸಿಯಾಗಿ ರಾತ್ರಿ ತಣ್ಣಗಾಗುವಾಗ ಬಿರಡೆಯ ಸಂದಿನಿಂದ ಆ ನೀರನ್ನು ಬ್ಯಾರೆಲ್ ಒಳಕ್ಕೆ ಹೀರುತ್ತದೆ. ಅರ್ಧ ಖಾಲಿಯಿದ್ದರೆ ಒಳಗಿನ ತೇವವೂ ಹನಿಗಟ್ಟುತ್ತದೆ. ಆದುದರಿಂದ ಬ್ಯಾರೆಲ್ ಸೂರಿನಡಿ ಇರಲಿ, ತಳದ ಎರಡು ಮೂರು ಅಂಗುಲ ಬಿಟ್ಟು ಮೇಲಿನಿಂದ ಡೀಸೆಲ್ ತೆಗೆಯಿರಿ, ಸಣ್ಣ ಜಾಲರಿಯಲ್ಲಿ ಸೋಸಿ ಹಾಕಿ. ಸೀಮೆಎಣ್ಣೆ ಬೆರೆಸಲೇಬೇಡಿ, ಪಂಪಿನ ಒಳಭಾಗಕ್ಕೆ ಡೀಸೆಲ್ಲೇ ಜಿಡ್ಡು, ಅದು ತೆಳುವಾದರೆ ಪಂಪು ಸವೆಯುತ್ತದೆ. ಹೂಮಳೆ ಕೈಕೊಟ್ಟಾಗ ರೊಬಸ್ಟಾಕ್ಕೆ ನೀರು ಹಾಯಿಸುವ ಡೀಸೆಲ್ ಪಂಪುಸೆಟ್ಟಿಗೂ ಈ ಮಾತು ಅನ್ವಯಿಸುತ್ತದೆ.

ಕಡೆಯದಾಗಿ ಡ್ರೈವರುಗಳಿಗೆ ಒಂದು ಸೂಚನೆ. ಪವರ್ ಬ್ರೇಕ್ ಇರುವ ಗಾಡಿಯ ಇಂಜಿನ್ ಏರಿನಲ್ಲಿ ಆಫ್ ಆದರೆ ಕೆಲವು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಪದೇ ಪದೇ ಒತ್ತದೆ ಒಂದೇ ಸಲ ಬಲವಾಗಿ ತುಳಿದು ಹಿಡಿದು, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಒಮ್ಮೆ ಎಳೆತ ತಪ್ಪಿದ ಗಾಡಿಗೆ, ಕಾರಣ ತಿಳಿಯುವವರೆಗೆ, ಹೇರು ಹಾಕಬೇಡಿ, ಆಳುಗಳನ್ನು ಹತ್ತಿಸಬೇಡಿ. ಹಣ್ಣು ಕೆಟ್ಟರೆ ನಷ್ಟ ಒಂದು ದಿನದ್ದು.

ಸಂಘದ ಜೀಪಿನ ಬ್ರೀದರಿಗೆ ಈಗ ಸಣ್ಣ ಜಾಲರಿ ಕಟ್ಟಿಸಿದ್ದೇವೆ. ನಿಮ್ಮ ಗಾಡಿಯದನ್ನೂ ಕೊಯ್ಲು ಆರಂಭವಾಗುವ ಮೊದಲೇ ನೋಡಿಕೊಳ್ಳಬೇಕಾಗಿ ಕೋರುತ್ತೇವೆ.

— ಕಾರ್ಯದರ್ಶಿ