ಎರೆಮಣ್ಣಿನ ತೇವವನ್ನು ಅಳೆಯುವ ಕಿರುಗಣಕ

ಬಸವಸಾಗರದಿಂದ ಹೊರಟು ಸುರಪುರ, ಶಹಾಪುರ ಸೀಮೆಯ ಭೂಮಿಗೆ ಕೃಷ್ಣೆಯ ನೀರುಣಿಸುವ ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆಯು 2023ರ ಜನವರಿ 19ರಂದು ಕೊಡೇಕಲ್ಲಿನಲ್ಲಿ ಉದ್ಘಾಟನೆಗೊಂಡಿತು. 10,000 ಕ್ಯೂಸೆಕ್ ನೀರನ್ನು ಹೊರಬಲ್ಲ ಆ ಮಹಾಕಾಲುವೆಯ ಮಟ್ಟವನ್ನು ಸೆನ್ಸರುಗಳು ಅಳೆಯುವ, ಗೇಟುಗಳು ಗಣಕದ ಆಜ್ಞೆಯಂತೆ ಏರಿಳಿಯುವ ವ್ಯವಸ್ಥೆಯನ್ನು ಕಂಡ ಆ ಸೀಮೆಯ, ಅಂದರೆ ಸಗರನಾಡಿನ, ಬಾಲಕ ಬಾಲಿಕೆಯರಲ್ಲಿ, ಆ ಯಂತ್ರದ ಅಂತರಂಗವೇನೆಂದು ಅರಿಯುವ ಕುತೂಹಲ ಹುಟ್ಟುವುದು ಸಹಜವೇ ಸರಿ. ಆ ಕುತೂಹಲವನ್ನು ತಣಿಸಬಲ್ಲ ಸಾಧನವು ಇಂದು ಕೆಲವೇ ನೂರು ರೂಪಾಯಿಗೆ ದೊರೆಯುತ್ತದೆಂಬುದು ನಮ್ಮ ಕಾಲದ ಭಾಗ್ಯ.

2021ರ ಜನವರಿಯಲ್ಲಿ ಹೊರಬಂದ ರಾಸ್ಪ್‌ಬೆರಿ ಪೈ ಪಿಕೊ ಎಂಬ ಕಿರುಗಣಕದ ಬೋರ್ಡೇ ಆ ಸಾಧನ; ಅದು 51 ಮಿಲಿಮೀಟರ್ ಉದ್ದ, 21 ಮಿಲಿಮೀಟರ್ ಅಗಲದ ಹಸುರು ಹಲಗೆ. ಪರದೆಯಿಲ್ಲ, ಕೀಲಿಮಣೆಯಿಲ್ಲ, ಮೈಮೇಲೆ ಕವಚವೂ ಇಲ್ಲ. ಅದರ ಬೂಟ್‌ಸೆಲ್ ಗುಂಡಿಯನ್ನು ಒತ್ತಿ ಹಿಡಿದೇ ಯುಎಸ್‌ಬಿ ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿದರೆ, ಅದು ಪೆನ್‌ಡ್ರೈವಿನಂತೆ ಕಾಣಿಸಿಕೊಳ್ಳುತ್ತದೆ. ಮೈಕ್ರೊಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಡತವನ್ನು ಅದರೊಳಗೆ ನಕಲಿಸಿ, ಉಚಿತವಾಗಿ ದೊರೆವ ಥಾನಿ ಎಂಬ ತಂತ್ರಾಂಶದಲ್ಲಿ ನಾಲ್ಕಾರು ಸಾಲು ಬರೆದೊಡನೆ, ಹಲಗೆಯ ಮೂಲೆಯ ಪುಟ್ಟ ದೀಪವು ನಾವು ಹೇಳಿದ ಲಯದಲ್ಲಿ ಮಿನುಗತೊಡಗುತ್ತದೆ. ಅಕ್ಷರಾಭ್ಯಾಸಕ್ಕೆ ಇಷ್ಟು ಸಾಕು.

ನಿಜವಾದ ವಿದ್ಯೆ ಆರಂಭವಾಗುವುದು ಮಣ್ಣಿನಲ್ಲಿ. ತೇವಾಂಶದ ಸೆನ್ಸರನ್ನು ಕೊಳ್ಳುವಾಗ ಕೆಪಾಸಿಟಿವ್ ಬಗೆಯದನ್ನೇ ಕೊಳ್ಳಬೇಕು. ಬರಿಯ ಲೋಹದ ಎರಡು ಕಡ್ಡಿಗಳುಳ್ಳ ಅಗ್ಗದ ಬಗೆಯು, ವಿದ್ಯುತ್ತು ಹರಿದಂತೆಲ್ಲ ಒದ್ದೆ ಮಣ್ಣಿನಲ್ಲಿ ಸವೆದು ಹೋಗುತ್ತದೆ. ಕೆಪಾಸಿಟಿವ್ ಸೆನ್ಸರಿನ ಒಂದು ತಂತಿಯನ್ನು 3.3 ವೋಲ್ಟಿನ 36ನೆಯ ಪಿನ್ನಿಗೂ, ಇನ್ನೊಂದನ್ನು 38ನೆಯ ಗ್ರೌಂಡ್ ಪಿನ್ನಿಗೂ, ಸಂಕೇತದ ತಂತಿಯನ್ನು 31ನೆಯ ಪಿನ್ನಿಗೂ ಕೂಡಿಸಿ, ಥಾನಿಯಲ್ಲಿ ಅದನ್ನು ಓದುವ ಸಾಲುಗಳನ್ನು ಬರೆದರೆ, 0ಯಿಂದ 65,535ರ ನಡುವಿನ ಯಾವುದೋ ಒಂದು ಸಂಖ್ಯೆ ಕಂಪ್ಯೂಟರಿನ ಪರದೆಯ ಮೇಲೆ ಮೂಡುತ್ತದೆ. ಆ ಸಂಖ್ಯೆಗೆ ತನ್ನಷ್ಟಕ್ಕೆ ಯಾವ ಅರ್ಥವೂ ಇಲ್ಲ. ಬೇಸಿಗೆಯಲ್ಲಿ ಬಿರಿದ ಎರೆಮಣ್ಣನ್ನು ಒಂದು ಡಬ್ಬಿಯಲ್ಲಿಯೂ, ನೀರುಂಡ ಅದೇ ಮಣ್ಣನ್ನು ಇನ್ನೊಂದರಲ್ಲಿಯೂ ತುಂಬಿ, ಎರಡರ ಅಂಕಿಗಳನ್ನೂ ಬರೆದಿಟ್ಟುಕೊಂಡು, ಒದ್ದೆಯಾದಷ್ಟೂ ಅಂಕಿಯು ಇಳಿಯುವುದೆಂಬುದನ್ನು ಕಣ್ಣಾರೆ ಕಂಡ ಮೇಲೆಯೇ ಅದಕ್ಕೆ ಅರ್ಥ ಬರುತ್ತದೆ. ಮಸಾರಿ ಮಣ್ಣಿಗೆ ಈ ಅಳತೆಯನ್ನು ಮತ್ತೆ ಹೊಸದಾಗಿಯೇ ಮಾಡಬೇಕು. ಹೀಗೆ ತನ್ನ ಹೊಲದ ಮಣ್ಣಿನಿಂದಲೇ ಯಂತ್ರಕ್ಕೆ ಪಾಠ ಹೇಳಿದ ಹುಡುಗಿಗೆ, ಅಳೆಯುವುದು, ಹೋಲಿಸುವುದು, ಅನಂತರ ಆಜ್ಞಾಪಿಸುವುದು ಎಂಬ ಕಾಲುವೆಯ ಗೇಟಿನ ಸೂತ್ರವೂ ಅರಿವಾಗಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಈ ಹಲಗೆಯ ಸಂಕೇತದ ಪಿನ್ನುಗಳು ತಾಳಿಕೊಳ್ಳುವುದು 3.3 ವೋಲ್ಟನ್ನು ಮಾತ್ರ. ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಇದನ್ನು ಜೋಡಿಸುವ ಸಾಹಸವನ್ನು, ಬಲ್ಲ ಎಲೆಕ್ಟ್ರಿಷಿಯನ್ ಜೊತೆಗಿಲ್ಲದೆ ಯಾರೂ ಮಾಡಕೂಡದು. ದುಬಾರಿ ಕಿಟ್ಟುಗಳೂ ಆರಂಭದಲ್ಲಿ ಅನಾವಶ್ಯಕವೆಂದೇ ನನ್ನ ಅಭಿಪ್ರಾಯ.

2016ರಿಂದ ದೇಶದ ಶಾಲೆಗಳಲ್ಲಿ ಸ್ಥಾಪಿತವಾಗುತ್ತಿರುವ ಅಟಲ್ ಟಿಂಕರಿಂಗ್ ಲ್ಯಾಬುಗಳು ಆರನೆಯಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳಿಗಾಗಿ ಇಂಥ ಬೋರ್ಡುಗಳನ್ನು ಒದಗಿಸುತ್ತವೆ. ಯಾದಗಿರಿ ಜಿಲ್ಲೆಯ ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಬೀಗ ಹಾಕಿದ ಕಪಾಟಿನಲ್ಲಿ ಅವು ಇದ್ದರೆ ಹೊರತೆಗೆದು, ವಸ್ತುಪ್ರದರ್ಶನದ ದಿನಕ್ಕೆಂದು ಕಾಯದೆ, ಈ ವಾರವೇ ಮಕ್ಕಳ ಕೈಗೆ ಕೊಡಿರಿ.