26 ಅಂಕಿಗಳ ಉತ್ತರ, ಒಂಬತ್ತರ ಒರೆಗಲ್ಲು

ಆರರ ವಯಸ್ಸಿನಲ್ಲೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಲೆಕ್ಕದ ಚಳಕ ತೋರಿಸಿದ್ದ ಬೆಂಗಳೂರಿನ ಶಕುಂತಲಾ ದೇವಿ, 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 7686369774870 ಮತ್ತು 2465099745779 ಎಂಬ ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿದರು. 28 ಸೆಕೆಂಡಿನಲ್ಲಿ ಬಂದ ಉತ್ತರ: 18947668177995426462773730.

ಸರಿಯೇ?

ಪೆನ್ಸಿಲ್ ಹಿಡಿದ ಯಾರಾದರೂ ಒರೆಗೆ ಹಚ್ಚಬಹುದು. 10, 100, 1000 ಯಾವುದನ್ನೇ 9ರಿಂದ ಭಾಗಿಸಿದರೂ ಉಳಿಯುವುದು 1. ಹಾಗಾಗಿ ಸಂಖ್ಯೆ ಎಷ್ಟೇ ಉದ್ದವಿರಲಿ, ಅದರ ಶೇಷ ತಿಳಿಯಲು ಅಂಕಿಗಳನ್ನು ಕೂಡಿದರೆ ಸಾಕು. ಮೊದಲನೆಯದರ ಮೊತ್ತ 78, ಶೇಷ 6. ಎರಡನೆಯದು 74, ಶೇಷ 2. ಆರೆರಡ್ಲಿ ಹನ್ನೆರಡು, ಶೇಷ 3. ಉತ್ತರದ ಅಂಕಿಗಳ ಮೊತ್ತ 138. ಅಲ್ಲೂ ಶೇಷ 3. ತಾಳೆಯಾಯಿತು!

ಆದರೂ ಈ ಒರೆಗಲ್ಲನ್ನು ಪೂರ್ತಿ ನಂಬುವಂತಿಲ್ಲ. ಎರಡು ಅಂಕಿ ಅದಲುಬದಲಾದರೂ ಮೊತ್ತ ಬದಲಾಗದು. ಅಕ್ಕಪಕ್ಕದ ಅಂಕಿಗಳ ಅಂಥ ಎಡವಟ್ಟನ್ನು ಹಿಡಿಯುವುದು, 9ರ ಬದಲು 11ರಿಂದ ಭಾಗಿಸಿ ಶೇಷ ಹೋಲಿಸುವ ಪರೀಕ್ಷೆ.