ತಡೆಯಬೇಕಾದದ್ದು ಯಾರ ದಾರಿಯನ್ನು?

2022ರ ನವೆಂಬರಿನಲ್ಲಿ, ಸತತ ನಾಲ್ಕು ದಿನ, ಲಂಡನ್ ನಗರವನ್ನು ಸುತ್ತುವರಿದಿರುವ ಎಂ25 ಹೆದ್ದಾರಿ ಮತ್ತೆ ಮತ್ತೆ ಸ್ತಬ್ಧವಾಯಿತು. ರಸ್ತೆಗೆ ಅಡ್ಡಲಾಗಿ ಸೂಚನಾಫಲಕ ಹೊತ್ತು ನಿಂತ ಎತ್ತರದ ಉಕ್ಕಿನ ಚೌಕಟ್ಟುಗಳನ್ನು ‘ಜಸ್ಟ್ ಸ್ಟಾಪ್ ಆಯಿಲ್’ ಸಂಘಟನೆಯ 45 ಮಂದಿ ಹತ್ತಿ ಕೂತಿದ್ದರು. ಅವರನ್ನು ಕೆಳಗಿಳಿಸುವವರೆಗೆ ಪೊಲೀಸರು ಸಂಚಾರ ತಡೆಯಬೇಕಿತ್ತು. ಏಳು ಲಕ್ಷಕ್ಕೂ ಹೆಚ್ಚು ವಾಹನಗಳಿಗೆ ಅಡಚಣೆಯಾಯಿತು, ಪೊಲೀಸ್ ಇಲಾಖೆಗೆ 11 ಲಕ್ಷ ಪೌಂಡಿಗೂ ಹೆಚ್ಚು ಖರ್ಚು ಬಿತ್ತು ಎಂಬ ಲೆಕ್ಕ ಮುಂದೆ ನ್ಯಾಯಾಲಯಕ್ಕೆ ಬಂತು. 2024ರ ಜುಲೈಯಲ್ಲಿ, ಇದರ ಸಂಚು ರೂಪಿಸಿದ ಆರೋಪದಲ್ಲಿ ಒಬ್ಬರಿಗೆ ಐದು ವರ್ಷ, ಇನ್ನು ನಾಲ್ವರಿಗೆ ತಲಾ ನಾಲ್ಕು ವರ್ಷ ಜೈಲು ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅದು ಕೊಂಚ ಕಡಿಮೆಯಾಯಿತು. ಇವರು ಕೇಳಿದ್ದು ಒಂದೇ: ತೈಲ ಮತ್ತು ಅನಿಲ ತೆಗೆಯಲು ಸರ್ಕಾರ ಹೊಸ ಪರವಾನಗಿ ಕೊಡಬಾರದು. ಇಂಥ ರಸ್ತೆತಡೆಯಿಂದ ಹವಾಮಾನ ಚಳವಳಿಗೆ ಒಳಿತಾಯಿತೇ, ಕೆಡುಕಾಯಿತೇ? ಈ ಪ್ರಶ್ನೆಗೆ ಹೆಚ್ಚಿನವರು ತಮ್ಮ ತಮ್ಮ ಸ್ವಭಾವಕ್ಕೆ ತಕ್ಕ ಉತ್ತರ ಹೇಳುತ್ತಾರೆ. ಆದರೆ ಈಗ ನಮ್ಮ ಮುಂದೆ ಮೂರು ದೇಶಗಳ ಅನುಭವವಿದೆ, ಒಂದಷ್ಟು ಅಧ್ಯಯನಗಳಿವೆ. ರಸ್ತೆ ತಡೆಯುವುದು ಸರಿಯೋ ತಪ್ಪೋ ಎನ್ನುವುದಕ್ಕಿಂತ, ಯಾವ ರಸ್ತೆಯನ್ನು, ಯಾವ ಬೇಡಿಕೆಗಾಗಿ, ಯಾರ ಎದುರು ತಡೆದರು ಎನ್ನುವುದೇ ಫಲವನ್ನು ನಿರ್ಧರಿಸುತ್ತದೆ ಎಂದು ಅವು ಹೇಳುತ್ತವೆ.

ಮೊದಲಿಗೆ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು. ಪ್ರತಿಭಟನಕಾರರನ್ನು ಜನ ಮೆಚ್ಚುತ್ತಾರೆಯೇ ಎನ್ನುವುದು ಒಂದು, ಅವರ ಬೇಡಿಕೆಯನ್ನು ಒಪ್ಪುತ್ತಾರೆಯೇ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೆಚ್ಚುಕಡಿಮೆ ಖಚಿತ: ಮೆಚ್ಚುವುದಿಲ್ಲ. ಮ್ಯಾಥ್ಯೂ ಫೈನ್‌ಬರ್ಗ್, ರಾಬ್ ವಿಲ್ಲರ್ ಮತ್ತು ಜೊತೆಗಾರರು 2020ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ರಸ್ತೆತಡೆಯಂಥ ಉಗ್ರ ಕ್ರಮಗಳು ಸುದ್ದಿಯಾಗಲು ನೆರವಾದರೂ ಚಳವಳಿಯ ಮೇಲಿನ ಜನರ ಒಲವನ್ನು ತಗ್ಗಿಸಿದವು. 2022ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ನಡೆಸಿದ ಸಮೀಕ್ಷೆಯಲ್ಲಿ, ಇಂಥ ಪ್ರತಿಭಟನೆಗಳಿಂದ ಹವಾಮಾನ ಕ್ರಮಗಳಿಗೆ ತಮ್ಮ ಬೆಂಬಲ ಕುಗ್ಗುತ್ತದೆ ಎಂದವರು ಶೇ 46, ಹೆಚ್ಚುತ್ತದೆ ಎಂದವರು ಶೇ 13. ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರ ಇಷ್ಟು ನೇರವಲ್ಲ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಕಾಲಿನ್ ಡೇವಿಸ್ ತಮ್ಮ ಪ್ರಯೋಗಗಳಲ್ಲಿ, ಪತ್ರಿಕಾ ವರದಿಯ ಧಾಟಿ ಬದಲಾದಂತೆ ಪ್ರತಿಭಟನಕಾರರ ಮೇಲಿನ ಸಿಟ್ಟು ಏರಿಳಿದರೂ, ಅವರ ಬೇಡಿಕೆಗಿರುವ ಬೆಂಬಲ ಅಲುಗದೆ ಉಳಿದದ್ದನ್ನು ಕಂಡರು. ತಮ್ಮ ಬೆಂಬಲ ಕುಗ್ಗುತ್ತದೆಂದು ಜನ ಸಮೀಕ್ಷಕರಿಗೆ ಹೇಳುವುದೇ ಬೇರೆ, ಅದು ನಿಜಕ್ಕೂ ಕುಗ್ಗುವುದೇ ಬೇರೆ.

ಇದಕ್ಕಿಂತಲೂ ಕುತೂಹಲದ ಸಂಗತಿ ಎಂ25 ಪ್ರಕರಣದಲ್ಲೇ ಇದೆ. ಆ ನಾಲ್ಕು ದಿನಗಳ ಮುಂಚೆ ಮತ್ತು ನಂತರ ಬ್ರಿಟನ್ನಿನ 1,415 ಮಂದಿಯನ್ನು ಪ್ರಶ್ನಿಸಿದ ಅಧ್ಯಯನವೊಂದು 2024ರಲ್ಲಿ ‘ನೇಚರ್ ಸಸ್ಟೈನಬಿಲಿಟಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಜಸ್ಟ್ ಸ್ಟಾಪ್ ಆಯಿಲ್ ಬಗ್ಗೆ ಹೆಚ್ಚು ತಿಳಿದುಕೊಂಡವರಲ್ಲಿ, ‘ಫ್ರೆಂಡ್ಸ್ ಆಫ್ ದಿ ಅರ್ಥ್’ ಎಂಬ ಸೌಮ್ಯ ಸಂಘಟನೆಯತ್ತ ಒಲವು ಹೆಚ್ಚಿತ್ತು. ಅದಕ್ಕಿದ್ದ ಒಟ್ಟು ಬೆಂಬಲ ಶೇ 50.3ರಿಂದ 52.9ಕ್ಕೆ ಏರಿತ್ತು. ಸಮಾಜಶಾಸ್ತ್ರಜ್ಞ ಹರ್ಬರ್ಟ್ ಹೇನ್ಸ್ 1980ರ ದಶಕದಲ್ಲೇ, ಅಮೆರಿಕದ ಕರಿಯರ ಹೋರಾಟದಲ್ಲಿ ಉಗ್ರರ ಸದ್ದು ಜೋರಾದಾಗ ಸೌಮ್ಯ ಸಂಸ್ಥೆಗಳಿಗೆ ದೇಣಿಗೆ ಹೆಚ್ಚಿದ್ದನ್ನು ತೋರಿಸಿದ್ದರು. ಒಂದು ಗುಂಪು ಬೈಗುಳ ತಿನ್ನುವಾಗ, ಅದೇ ಮಾತನ್ನು ಮೆಲ್ಲಗೆ ಆಡುವ ಇನ್ನೊಂದು ಗುಂಪು ಜನರ ಕಣ್ಣಿಗೆ ಸಮಂಜಸವಾಗಿ ಕಾಣುತ್ತದೆ. ಆದರೆ ಈ ಏರಿಕೆ ಸಣ್ಣದು ಎಂಬುದನ್ನು ಮರೆಯಬಾರದು. ಅದಕ್ಕೆ ತೆತ್ತ ಬೆಲೆಯನ್ನೂ ನೋಡಬೇಕು, ಆ ಬೆಲೆ ಸ್ಪಷ್ಟವಾಗಿ ಕಾಣುವುದು ಜರ್ಮನಿಯಲ್ಲಿ.

ಅಲ್ಲಿನ ‘ಲೆಟ್‌ಸ್ಟೆ ಗೆನೆರಾಟ್ಸಿಯೋನ್’, ಅಂದರೆ ‘ಕೊನೆಯ ಪೀಳಿಗೆ’ ಎಂಬ ಸಂಘಟನೆ 2022ರ ಜನವರಿಯಿಂದ ಬರ್ಲಿನ್ನಿನ ರಸ್ತೆಗಳಲ್ಲಿ ಕೂರತೊಡಗಿತು. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟವರು ಬೆಳಗಿನ ದಟ್ಟಣೆಯ ಹೊತ್ತಿಗೆ ಡಾಂಬರಿಗೆ ಅಂಗೈ ಅಂಟಿಸಿಕೊಂಡು ಕೂರುವರು. ಪೊಲೀಸರು ಪಕ್ಕದಲ್ಲಿ ಮಂಡಿಯೂರಿ, ಅಡುಗೆ ಎಣ್ಣೆ ಸವರಿದ ಕುಂಚವನ್ನು ಬೆರಳುಗಳ ಸಂದಿಗೆ ತೂರಿಸಿ, ಚರ್ಮ ಕೀಳದಂತೆ ಇಂಚಿಂಚಾಗಿ ಕೈ ಬಿಡಿಸುವರು. ಅಲ್ಲಿಯವರೆಗೆ ಹಿಂದೆ ಹಾರ್ನ್‌ಗಳ ಮೊರೆತ. ಆರಂಭದಲ್ಲಿ ಅವರು ಕೇಳಿದ್ದು ಆಹಾರ ಪೋಲಾಗುವುದನ್ನು ತಡೆಯುವ ಕಾನೂನನ್ನು. ಆಮೇಲೆ ಅಗ್ಗದ ರೈಲು–ಬಸ್ ಪಾಸು, ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ವೇಗಮಿತಿ ಸೇರಿದವು. ಬೇಡಿಕೆಗಳೆಲ್ಲ ಸಾಧುವೇ. ಆದರೆ ಸೂಪರ್ ಮಾರ್ಕೆಟ್ಟಿನಲ್ಲಿ ಕೊಳೆಯುವ ತರಕಾರಿಗೂ, ಕೆಲಸಕ್ಕೆ ಹೊರಟು ಸಿಗ್ನಲ್ಲಿನಲ್ಲಿ ಸಿಕ್ಕಿಬಿದ್ದ ದಾದಿಗೂ ಏನು ಸಂಬಂಧ? ‘ಮೋರ್ ಇನ್ ಕಾಮನ್’ ಸಂಸ್ಥೆಯ ಸಮೀಕ್ಷೆಗಳ ಪ್ರಕಾರ ಜರ್ಮನಿಯಲ್ಲಿ ಹವಾಮಾನ ಚಳವಳಿಯ ಬೆಂಬಲಿಗರು 2021ರಲ್ಲಿ ಶೇ 68 ಇದ್ದದ್ದು 2023ರಲ್ಲಿ ಶೇ 34ಕ್ಕೆ ಇಳಿದರು. ಅದೇ ಅವಧಿಯಲ್ಲಿ ಉಕ್ರೇನ್ ಯುದ್ಧ, ಇಂಧನ ಬೆಲೆಯ ಏರಿಕೆ, ಮನೆ ಬಿಸಿಮಾಡುವ ಉಪಕರಣಗಳ ಕಾನೂನಿನ ಕುರಿತ ಜಗಳ ಎಲ್ಲವೂ ಇದ್ದವು, ಇಡೀ ಕುಸಿತವನ್ನು ರಸ್ತೆತಡೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಬೆಂಬಲ ಅರ್ಧಕ್ಕಿಳಿದ ಕಾಲದಲ್ಲಿ ಚಳವಳಿಯ ಮುಖವಾಗಿ ಜನ ಕಂಡದ್ದು ಅಂಟಿಕೊಂಡ ಕೈಗಳನ್ನೇ. 2024ರ ಜನವರಿಯಲ್ಲಿ ಆ ಸಂಘಟನೆಯೇ ಅಂಟಿಕೊಳ್ಳುವ ವಿಧಾನವನ್ನು ಕೈಬಿಡುವುದಾಗಿ ಘೋಷಿಸಿತು.

ಈಗ ನೆದರ್‌ಲ್ಯಾಂಡ್ಸ್ ಕಡೆ ನೋಡಿ. ಹೇಗ್ ನಗರದಲ್ಲಿ ಎ12 ಹೆದ್ದಾರಿಯ ಕೊನೆಯ ತುಂಡು ಸಂಸತ್ತಿನ ತಾತ್ಕಾಲಿಕ ಕಟ್ಟಡಕ್ಕೂ ಆಗಿನ ಆರ್ಥಿಕ ವ್ಯವಹಾರ ಮತ್ತು ಹವಾಮಾನ ಸಚಿವಾಲಯಕ್ಕೂ ನಡುವೆ ಹಾದುಹೋಗುತ್ತದೆ. 2023ರ ಸೆಪ್ಟೆಂಬರ್ 9ರಿಂದ ‘ಎಕ್ಸ್‌ಟಿಂಕ್ಷನ್ ರೆಬೆಲಿಯನ್’ ಎಂಬ ಹವಾಮಾನ ಸಂಘಟನೆ ಅಲ್ಲಿ ಪ್ರತಿದಿನ ಕೂತಿತು. ಪೊಲೀಸರು ಜಲಫಿರಂಗಿ ಹಾರಿಸಿದರು, ಮೊದಲ ದಿನವೇ ಸುಮಾರು 2,400 ಮಂದಿಯನ್ನು ಬಂಧಿಸಿದರು. ಬಿಡುಗಡೆಯಾದವರು ಮರಳಿ ಬಂದರು. ಬೇಡಿಕೆ ಒಂದೇ: ಕಲ್ಲಿದ್ದಲು, ತೈಲ, ಅನಿಲಕ್ಕೆ ಕೊಡುವ ಸಬ್ಸಿಡಿ ನಿಲ್ಲಿಸಿ. ಈ ನಡುವೆ ಸರ್ಕಾರವೇ ಅಂಥ ನೆರವು ವರ್ಷಕ್ಕೆ 39.7ರಿಂದ 46.4 ಬಿಲಿಯನ್ ಯೂರೊ ಎಂದು ಲೆಕ್ಕ ಕೊಟ್ಟಿತು. ಅಕ್ಟೋಬರ್ 10ರಂದು, ಸಬ್ಸಿಡಿಯನ್ನು ಹಂತಹಂತವಾಗಿ ನಿಲ್ಲಿಸುವ ದಾರಿಗಳನ್ನು ಮುಂದಿಡುವಂತೆ ಸರ್ಕಾರವನ್ನು ಕೇಳುವ ಗೊತ್ತುವಳಿ ಸಂಸತ್ತಿನಲ್ಲಿ ಪಾಸಾಯಿತು, ದೈನಂದಿನ ತಡೆ ನಿಂತಿತು. ಇದನ್ನು ಪೂರ್ಣ ಗೆಲುವು ಎನ್ನಲಾಗದು. ಗೊತ್ತುವಳಿ ಕೇಳಿದ್ದು ಯೋಜನೆಯನ್ನಷ್ಟೇ, ಮರುತಿಂಗಳ ಚುನಾವಣೆಯಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಹವಾಮಾನ ಕ್ರಮಗಳನ್ನು ವಿರೋಧಿಸುವ ಬಲಪಂಥೀಯ ಪಕ್ಷ. ಆದರೆ ಆ ಕೆಲವು ವಾರ ಒಂದು ದೇಶ ಚರ್ಚಿಸಿದ್ದು ಅಂಟನ್ನಲ್ಲ, ತನ್ನ ಖಜಾನೆಯ ಲೆಕ್ಕವನ್ನು. ಯಾರು ಸಹಿ ಹಾಕಬೇಕೋ ಅವರ ಕಿಟಕಿಯ ಕೆಳಗೇ ರಸ್ತೆ ನಿಂತಿತ್ತು.

ಇಲ್ಲಿಯೇ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಯಾವ ದೊಡ್ಡ ಹೋರಾಟವನ್ನು ಅದರ ಕಾಲದ ಜನ ಮೆಚ್ಚಿದ್ದರು? 1961ರಲ್ಲಿ ಅಮೆರಿಕದ ಬಸ್ಸುಗಳಲ್ಲಿ ವರ್ಣಭೇದ ಮುರಿಯಲು ಹೊರಟ ‘ಫ್ರೀಡಂ ರೈಡರ್ಸ್’ ಮಾಡುತ್ತಿರುವುದು ಸರಿಯಲ್ಲ ಎಂದು ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 61 ಮಂದಿ ಹೇಳಿದ್ದರು. ಇಂದು ಅವರೇ ವೀರರು. ನಿಜ. ಆದರೆ ಅವರು ಮುರಿದದ್ದು ಯಾವುದನ್ನು ಎಂದು ಗಮನಿಸಬೇಕು. ಅನ್ಯಾಯ ಇದ್ದದ್ದು ಬಸ್ಸಿನ ಸೀಟಿನಲ್ಲಿ, ಅವರು ಕೂತದ್ದೂ ಅದೇ ಸೀಟಿನಲ್ಲಿ. ಅಮೆರಿಕದ ಮಾಂಟ್‌ಗಮರಿ ನಗರದ ಕರಿಯರು 1955ರ ಡಿಸೆಂಬರಿನಿಂದ ವರ್ಷಕ್ಕೂ ಮಿಕ್ಕಿ ಬಸ್ ಹತ್ತದೆ ನಡೆದಾಗ, ಕಷ್ಟಪಟ್ಟವರು ತಾವೇ, ನಷ್ಟವಾದದ್ದು ಬಸ್ ಕಂಪನಿಗೆ. ನೋಡುವವನಿಗೆ ಕಾರಣ ವಿವರಿಸಿ ಹೇಳಬೇಕಿರಲಿಲ್ಲ. ಕಾವೇರಿ ನೀರಿಗಾಗಿ ಮಂಡ್ಯದ ರೈತರು ಬೆಂಗಳೂರು–ಮೈಸೂರು ಹೆದ್ದಾರಿ ತಡೆದಾಗಲೂ, ಬಸ್ಸಿನೊಳಗೆ ಗೊಣಗುವವರಿಗೆ ಅವರು ಯಾಕೆ ಕೂತಿದ್ದಾರೆಂದು ಗೊತ್ತಿರುತ್ತದೆ. ಆದರೆ ತೈಲದ ಪರವಾನಗಿ ಕೊಡುವವರು ಸಚಿವರು, ಲಾಭ ಎಣಿಸುವವರು ತೈಲ ಕಂಪನಿಗಳು, ಸಿಕ್ಕಿಬೀಳುವವರು ದಿನಗೂಲಿಯವರು ಎಂದಾದರೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಕಾರು ಓಡಿಸುವವರೂ ಹೊಗೆ ಉಗುಳುತ್ತಾರಲ್ಲ ಎನ್ನಬಹುದು. ಬೇರೆ ಸಾರಿಗೆ ಇಲ್ಲದವರಿಗೆ ಆ ಮಾತು ಉಪದೇಶವಲ್ಲ, ಅವಮಾನ.

ಎರಡನೆಯ ಆಕ್ಷೇಪ ಸುದ್ದಿಯ ಕುರಿತದ್ದು. ಅರ್ಜಿ, ಮೆರವಣಿಗೆ, ವರದಿಗಳಿಂದ ಯಾರೂ ತಿರುಗಿ ನೋಡದಿದ್ದಾಗ ಇನ್ನೇನು ಮಾಡಬೇಕು? ಜಸ್ಟ್ ಸ್ಟಾಪ್ ಆಯಿಲ್‌ನ ಬೇಡಿಕೆಯನ್ನೇ ಬ್ರಿಟನ್ನಿನ ಲೇಬರ್ ಪಕ್ಷ ತನ್ನ ಪ್ರಣಾಳಿಕೆಯಲ್ಲಿ ಹೇಳಿತು, 2024ರಲ್ಲಿ ಗೆದ್ದಿತು. ಗುರಿ ತಲುಪಿದೆವೆಂದು, ತನ್ನ ಬೀದಿ ಹೋರಾಟಕ್ಕೆ ತೆರೆ ಎಳೆಯುವುದಾಗಿ ಸಂಘಟನೆ 2025ರ ಮಾರ್ಚಿನಲ್ಲಿ ಘೋಷಿಸಿತು. ಇದರಲ್ಲಿ ಅವರ ಪಾಲು ಇಲ್ಲವೆನ್ನಲಾರೆ. ಆದರೆ 2050ರೊಳಗೆ ಶೂನ್ಯ ಹೊರಸೂಸುವಿಕೆಯ ದಾರಿಯಲ್ಲಿ ಹೊಸ ತೈಲ, ಅನಿಲ ಕ್ಷೇತ್ರಗಳ ಅಗತ್ಯವಿಲ್ಲವೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2021ರ ಮೇ ತಿಂಗಳಲ್ಲೇ ಹೇಳಿತ್ತು. ಬೇಡಿಕೆ ಸ್ಪಷ್ಟವಾಗಿತ್ತು, ಅದನ್ನು ಎತ್ತಿಕೊಳ್ಳಬಲ್ಲ ಗೌರವಾನ್ವಿತರು ಸಿದ್ಧರಿದ್ದರು. ಹಾಗಾಗಿ ಗದ್ದಲ ವ್ಯರ್ಥವಾಗಲಿಲ್ಲ. ಇನ್ನೊಂದೆಡೆ, ರಸ್ತೆತಡೆಯಿಂದ ರೊಚ್ಚಿಗೆದ್ದ ಬ್ರಿಟನ್ನಿನ ಹಿಂದಿನ ಸರ್ಕಾರ 2022 ಮತ್ತು 2023ರಲ್ಲಿ ಎರಡು ಬಿಗಿ ಕಾನೂನು ತಂದಿತು. ಯಾವುದಾದರೂ ವಸ್ತುವಿಗೆ ತಮ್ಮನ್ನು ಬಿಗಿದುಕೊಂಡು ಅಡ್ಡಿಮಾಡುವುದೇ ಪ್ರತ್ಯೇಕ ಅಪರಾಧವಾಯಿತು. ಆ ಕಾನೂನು ಹವಾಮಾನದವರಿಗಷ್ಟೇ ಅಲ್ಲ, ನಾಳೆ ಬೀದಿಗಿಳಿಯುವ ಕಾರ್ಮಿಕರಿಗೂ ಅನ್ವಯಿಸುತ್ತದೆ. ಗಳಿಸಿದ ಸುದ್ದಿಯ ಲೆಕ್ಕದ ಎದುರು ಈ ನಷ್ಟವನ್ನೂ ಬರೆದಿಡಬೇಕು.

ಭೂಮಿ ಬಿಸಿಯಾಗುತ್ತಿರುವುದು ಸತ್ಯ, ಸರ್ಕಾರಗಳು ನಿಧಾನಿಸುತ್ತಿರುವುದೂ ಸತ್ಯ. ಅದಕ್ಕಾಗಿ ಜೈಲಿಗೆ ಹೋಗಲೂ ಸಿದ್ಧರಾದವರ ಧೈರ್ಯವನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆ ಧೈರ್ಯ ಸರಿಯಾದ ಬಾಗಿಲು ತಟ್ಟಲಿ ಎನ್ನುವುದಷ್ಟೇ ಇಲ್ಲಿನ ವಾದ. ಈ ಚಳವಳಿ ದಶಕಗಳ ಕಾಲ ನಡೆಯಬೇಕಾದದ್ದು. ಇಂಧನದ ಬೆಲೆ, ತೆರಿಗೆ, ಸಾರಿಗೆ ಎಲ್ಲ ಬದಲಾಗುವಾಗ ಅದಕ್ಕೆ ಸಾಮಾನ್ಯ ಜನರ ಒಪ್ಪಿಗೆ ಚುನಾವಣೆಯಿಂದ ಚುನಾವಣೆಗೆ ಬೇಕಾಗುತ್ತದೆ. ಆ ಜನರನ್ನೇ ಎದುರಾಳಿಗಳನ್ನಾಗಿ ಮಾಡಿಕೊಳ್ಳುವ ರಸ್ತೆತಡೆ ಚಳವಳಿಯ ಬುಡವನ್ನೇ ಕೊಯ್ಯುತ್ತದೆ. ಒಂದೇ ಬೇಡಿಕೆ ಹಿಡಿದು, ಅದನ್ನು ಈಡೇರಿಸಬಲ್ಲವರ ಎದುರಿಗೇ ಹೂಡುವ ತಡೆಯಾದರೆ, ಜನ ಗೊಣಗಿದರೂ, ಉತ್ತರ ಹೇಳುವ ಸರದಿ ಅಧಿಕಾರದಲ್ಲಿರುವವರದಾಗುತ್ತದೆ.